ಅಳುವ ಅಕ್ರೋಟು, ಓಡುವ ಕುದುರೆ

ಬಸ್ಸಿಗೆಂದು ಇಟ್ಟುಕೊಂಡಿದ್ದ ಚಿಲ್ಲರೆ ಕಾಸಿನಲ್ಲಿ ಒಂದಷ್ಟು ಹುಡುಗರು ಅಕ್ರೋಟಿನ ಸಿಹಿ ತಿನಿಸು ಕೊಂಡು ತಿಂದರು. ತಿಂದು ಮುಗಿದ ಮೇಲೆ ನೋಡಿದರೆ ಮನೆಗೆ ಹೋಗಲು ಕಾಸಿಲ್ಲ. ಅಳುತ್ತಳುತ್ತಲೇ ನಡೆದು ಮನೆ ಸೇರಿದರು. ದಕ್ಷಿಣ ಕೊರಿಯದ ಪಂಕ್ ರಾಕ್ ಸಂಗೀತಕ್ಕೆ ದಾರಿ ಹಾಕಿಕೊಟ್ಟ ‘ಕ್ರೈಯಿಂಗ್ ನಟ್’ ತಂಡದ ಹೆಸರಿನ ಹಿಂದೆ ಇರುವ ಕಥೆ ಇದು. ‘ಅಳುವ ಅಕ್ರೋಟು’ ಎಂದು ಇದನ್ನು ಕನ್ನಡಿಸಬಹುದು. ಇಂಗ್ಲಿಷಿನ ‘ನಟ್’ ಪದಕ್ಕೆ ತಲೆಕೆಟ್ಟವನು ಎಂಬ ಅರ್ಥವೂ ಇರುವುದರಿಂದ ಹೆಸರು ಎರಡು ಬಗೆಯಲ್ಲೂ ಈ ಹುಡುಗರಿಗೆ ಒಪ್ಪಿತು.

ಕೊರಿಯದ ಸಂಗೀತ ಎಂದೊಡನೆ ಇಂದು ನಮ್ಮ ಮನೆಯ ಮಕ್ಕಳಿಗೆ ನೆನಪಾಗುವುದು ಬೇರೆಯೇ ಒಂದು ಲೋಕ. ಚಿಕ್ಕ ವಯಸ್ಸಿನಲ್ಲೇ ಆಯ್ಕೆಯಾಗಿ, ಕಂಪನಿಗಳ ಉಸ್ತುವಾರಿಯಲ್ಲಿ ವರ್ಷಗಟ್ಟಲೆ ಹಾಡು–ಕುಣಿತ ಕಲಿತು, ಒಂದು ಹೆಜ್ಜೆಯೂ ತಪ್ಪದಂತೆ ವೇದಿಕೆಗೆ ಬರುವ ತರುಣ ತರುಣಿಯರು ಅವರು. ಆದರೆ ಅದೇ ದೇಶದಲ್ಲಿ, ಅದೇ ಸೋಲ್ ನಗರದಲ್ಲಿ, ಯಾರ ತರಬೇತಿಯೂ ಇಲ್ಲದೆ, ಸರಿಯಾಗಿ ನುಡಿಸಲು ಬರುವ ಮುನ್ನವೇ ವೇದಿಕೆ ಹತ್ತಿದ ಹುಡುಗರೂ ಇದ್ದರು. ಅವರಿಗೆ ಒಂದು ನೆಲಮಾಳಿಗೆ ಸಿಗುವುದಕ್ಕೆ ಆ ದೇಶ ಇಪ್ಪತ್ತು ವರ್ಷ ಕಾಯಬೇಕಾಯಿತು. ಏಕೆ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಪಂಕ್ ಎಂದರೆ ಏನು?

‘ಪಂಕ್’ ಎಂಬುದು ಮೂಲತಃ ಒಂದು ಬೈಗುಳ. ಪೋಕರಿ, ಕೆಲಸಕ್ಕೆ ಬಾರದವನು ಎಂದು ಅರ್ಥ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ಸಣ್ಣ ಕ್ಲಬ್ಬುಗಳಲ್ಲಿ ‘ರಮೋನ್ಸ್’ ಮೊದಲಾದ ತಂಡಗಳು, ಲಂಡನ್ನಿನಲ್ಲಿ ‘ಸೆಕ್ಸ್ ಪಿಸ್ಟಲ್ಸ್’, ‘ಕ್ಲ್ಯಾಶ್’ ಮೊದಲಾದವು ಈ ಬೈಗುಳವನ್ನೇ ಬಿರುದಿನಂತೆ ಧರಿಸಿದವು. ಆ ಹೊತ್ತಿಗೆ ರಾಕ್ ಸಂಗೀತ ಶ್ರೀಮಂತವಾಗಿತ್ತು. ಉದ್ದುದ್ದ ಗಿಟಾರ್ ವಾದನ, ದುಬಾರಿ ಸಲಕರಣೆ, ದೊಡ್ಡ ಕ್ರೀಡಾಂಗಣಗಳು. ಪಂಕ್ ಇದೆಲ್ಲವನ್ನೂ ಕಿತ್ತೊಗೆಯಿತು. ಮೂರು ಸ್ವರಮೇಳ ಗೊತ್ತಿದ್ದರೆ ಸಾಕು, ಎರಡೂವರೆ ನಿಮಿಷದಲ್ಲಿ ಹಾಡು ಮುಗಿಯಬೇಕು, ಹೇಳುವುದನ್ನು ಕಿರುಚಿಯಾದರೂ ಹೇಳಬೇಕು. ಕಲಿತು ನುಡಿಸುವುದಕ್ಕಿಂತ ನುಡಿಸುತ್ತಲೇ ಕಲಿಯುವುದು ಅದರ ರೀತಿ. ಹಣವಿಲ್ಲದ, ಕೆಲಸವಿಲ್ಲದ ತರುಣರಿಗೆ ಇದಕ್ಕಿಂತ ಹತ್ತಿರದ ಸಂಗೀತ ಬೇರೊಂದಿರಲಿಲ್ಲ. ಮುಳ್ಳುಹಂದಿಯಂತೆ ಎದ್ದು ನಿಂತ ಬಣ್ಣದ ಕೂದಲು, ಹರಿದ ಬಟ್ಟೆಗಳನ್ನು ಕಂಡ ಹಿರಿಯರು ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂದಾರು. ಹಿಟ್ಟಿಲ್ಲ ಎಂಬುದನ್ನು ಲೋಕಕ್ಕೆ ಸಾರುವುದಕ್ಕೇ ಅಂಥ ಜುಟ್ಟು ಬಿಟ್ಟಿದ್ದೇವೆ ಎಂದು ಆ ಹುಡುಗರು ಉತ್ತರಿಸುತ್ತಿದ್ದರೇನೋ.

ಕತ್ತರಿಯ ಕಾಲ

ಲಂಡನ್ನಿನಲ್ಲಿ ಪಂಕ್ ಗದ್ದಲವೆಬ್ಬಿಸುತ್ತಿದ್ದಾಗ ಕೊರಿಯದಲ್ಲಿ ಪಾರ್ಕ್ ಚುಂಗ್-ಹೀ ಅವರ ಸೈನಿಕ ಹಿನ್ನೆಲೆಯ ಸರ್ವಾಧಿಕಾರ ನಡೆದಿತ್ತು. ಕೊರಿಯದಲ್ಲಿ ರಾಕ್ ಇರಲಿಲ್ಲವೆಂದಲ್ಲ. ಅಮೆರಿಕನ್ ಸೇನೆಯ ಶಿಬಿರಗಳಲ್ಲಿ ಗಿಟಾರ್ ನುಡಿಸುತ್ತ ಬೆಳೆದ ಶಿನ್ ಜೂಂಗ್-ಹ್ಯೂನ್ ಅವರು 1960–70ರ ದಶಕಗಳಲ್ಲಿ ಕೊರಿಯನ್ ಭಾಷೆಯ ರಾಕ್ ಸಂಗೀತಕ್ಕೆ ತಳಹದಿ ಹಾಕಿದ್ದರು. ಆದರೆ ಪೊಲೀಸರು ಬೀದಿಯಲ್ಲಿ ಕತ್ತರಿ ಹಿಡಿದು ತರುಣರ ಉದ್ದ ಕೂದಲು ಕತ್ತರಿಸುತ್ತಿದ್ದ, ಸ್ತ್ರೀಯರ ಲಂಗದ ಅಳತೆ ನೋಡುತ್ತಿದ್ದ ಕಾಲ ಅದು. 1975ರಲ್ಲಿ ನೂರಾರು ಹಾಡುಗಳಿಗೆ ನಿಷೇಧ ಬಿತ್ತು. ಅದೇ ವರ್ಷದ ಕೊನೆಯಲ್ಲಿ ಗಾಂಜಾ ಸೇವನೆಯ ಆರೋಪದ ಮೇಲೆ ಶಿನ್ ಸೇರಿದಂತೆ ಹಲವು ಸಂಗೀತಗಾರರ ಬಂಧನವಾಯಿತು. 1979ರಲ್ಲಿ ಪಾರ್ಕ್ ಕೊಲೆಯಾಗುವವರೆಗೂ ಶಿನ್ ಅವರಿಗೆ ವೇದಿಕೆ ಸಿಗಲಿಲ್ಲ. ಒಂದು ಇಡೀ ಪೀಳಿಗೆಯ ರಾಕ್ ಸಂಗೀತ ಹೀಗೆ ಬೇರು ಸಹಿತ ಕಿತ್ತು ಹೋಯಿತು.

ಮುಂದೆ ಬಂದ ಸರ್ಕಾರವೂ ಬಿಗಿ ಸಡಿಲಿಸಲಿಲ್ಲ. ಪ್ರತಿ ಹಾಡಿನ ಸಾಹಿತ್ಯವೂ ಮೊದಲು ಪರಿಶೀಲನೆಗೆ ಹೋಗಬೇಕು. ದೇಶಭಕ್ತಿಯನ್ನೋ ಸದ್ಗುಣವನ್ನೋ ಹೊಗಳುವ ಒಂದು ‘ಆರೋಗ್ಯಕರ ಗೀತೆ’ ಪ್ರತಿ ಧ್ವನಿಮುದ್ರಿಕೆಯಲ್ಲೂ ಇರಬೇಕು. ಪ್ರೇಮಗೀತೆಗಳನ್ನು ಕೇಳುತ್ತ ಮೈಮರೆತವನಿಗೆ ಕೊನೆಯಲ್ಲಿ ಒಂದು ಶಾಲಾ ಪ್ರಾರ್ಥನೆ ಕೇಳಿಸಿದಂತೆ!

1987ರಲ್ಲಿ ಜನರ ಹೋರಾಟಕ್ಕೆ ಮಣಿದು ನೇರ ಚುನಾವಣೆಗಳು ಬಂದರೂ ಹಾಡಿನ ಪೂರ್ವ ಪರಿಶೀಲನೆ ಮಾತ್ರ ಉಳಿದುಕೊಂಡಿತು. ಇದನ್ನು ಮುರಿದವರು ಪಂಕ್ ಹುಡುಗರಲ್ಲ, ಚೊಂಗ್ ತೇ-ಚುನ್ ಎಂಬ ಜಾನಪದ ಧಾಟಿಯ ಗಾಯಕ. 1990ರ ದಶಕದ ಆರಂಭದಲ್ಲಿ ಅವರು ಪರಿಶೀಲನೆಗೆ ಒಪ್ಪಿಸದೆಯೇ ತಮ್ಮ ಹಾಡುಗಳನ್ನು ಹೊರತಂದರು, ಮೊಕದ್ದಮೆ ಎದುರಿಸಿದರು, ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದರು. ಅಷ್ಟರಲ್ಲಿ 1995ರಲ್ಲಿ ಆಗಿನ ಅತಿ ಜನಪ್ರಿಯ ತಾರೆ ಸೊ ತೈಜಿಯ ಹಾಡೊಂದರ ಸಾಹಿತ್ಯಕ್ಕೆ ಆಕ್ಷೇಪ ಬಂತು. ಆತ ಮಾತುಗಳನ್ನೇ ತೆಗೆದು ಬರಿಯ ವಾದ್ಯಸಂಗೀತವನ್ನು ಮುದ್ರಿಕೆಯಲ್ಲಿ ಸೇರಿಸಿದ. ಮಾತಿಲ್ಲದ ಆ ಹಾಡು ಮಾತಿಗಿಂತ ಜೋರಾಗಿ ಕೇಳಿಸಿತು. ಕಾನೂನು ತಿದ್ದುಪಡಿಯಾಗಿ 1996ರ ಜೂನ್‌ನಲ್ಲಿ ಪೂರ್ವ ಪರಿಶೀಲನೆ ಕೊನೆಗೊಂಡಿತು. ಅದು ಸಂವಿಧಾನಬಾಹಿರವೆಂದು ನ್ಯಾಯಾಲಯವೂ ಅದೇ ಅಕ್ಟೋಬರ್‌ನಲ್ಲಿ ಹೇಳಿತು.

ನೆಲಮಾಳಿಗೆಯ ಗೆಳೆಯರು

ಈ ಬಾಗಿಲು ತೆರೆಯುತ್ತಿದ್ದ ಹೊತ್ತಿಗೇ ನಮ್ಮ ಅಳುವ ಅಕ್ರೋಟುಗಳು ಹೊರಗೆ ಕಾದು ನಿಂತಿದ್ದವು. ಹಾಡುಗಾರ ಪಾರ್ಕ್ ಯೂನ್-ಸಿಕ್, ಗಿಟಾರಿನ ಲೀ ಸಾಂಗ್-ಮ್ಯೂನ್, ಅವನ ಅವಳಿ ಸೋದರ ಡ್ರಮ್ಮಿನ ಲೀ ಸಾಂಗ್-ಹ್ಯೂಕ್, ಬೇಸ್ ಗಿಟಾರಿನ ಹಾನ್ ಕ್ಯೂಂಗ್-ರೋಕ್. ನಾಲ್ವರೂ ಸೋಲ್‌ನಲ್ಲಿ ಒಟ್ಟಿಗೆ ಆಡಿ ಬೆಳೆದ ಬಾಲ್ಯದ ಗೆಳೆಯರು.

ಸೋಲ್‌ನ ಹೊಂಗಿಕ್ ವಿಶ್ವವಿದ್ಯಾಲಯ ಚಿತ್ರಕಲೆಗೆ ಹೆಸರಾದದ್ದು. ಅದರ ಸುತ್ತಲಿನ ಪ್ರದೇಶವನ್ನು ಜನ ಚಿಕ್ಕದಾಗಿ ‘ಹೊಂಗ್‌ದೇ’ ಎನ್ನುತ್ತಾರೆ. ಆಗ ಅಲ್ಲಿ ಬಾಡಿಗೆ ಕಡಿಮೆ. ಕಲಾವಿದರ ಕೋಣೆಗಳೂ ನೆಲಮಾಳಿಗೆಗಳೂ ಬೇಕಾದಷ್ಟು. 1994ರಲ್ಲಿ ಅಂಥದೊಂದು ನೆಲಮಾಳಿಗೆಯಲ್ಲಿ ‘ಡ್ರಗ್’ ಎಂಬ ಕ್ಲಬ್ ತೆರೆಯಿತು. ಹೆಸರು ಹೆದರಿಸುವಂಥದು, ಅಲ್ಲಿ ಸಿಗುತ್ತಿದ್ದ ಅಮಲು ಮಾತ್ರ ಸಂಗೀತದ್ದು. ಅಮೆರಿಕದ ‘ನಿರ್ವಾಣ’ ತಂಡದ ಗಾಯಕ ಕರ್ಟ್ ಕೋಬೇನ್ ತೀರಿಕೊಂಡು ಒಂದು ವರ್ಷವಾದಾಗ, 1995ರ ಏಪ್ರಿಲ್‌ನಲ್ಲಿ, ಅಲ್ಲೊಂದು ಸ್ಮರಣೆಯ ಕಚೇರಿ ನಡೆಯಿತು. ಕೊರಿಯದ ಪಂಕ್ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆ ಸಂಜೆಯಿಂದಲೇ ಆರಂಭಿಸುತ್ತಾರೆ. ಗಿರಾಕಿಗಳಾಗಿ ಬಂದಿದ್ದ ನಾಲ್ವರು ಗೆಳೆಯರು ಆ ವರ್ಷವೇ ಡ್ರಗ್‌ನ ವೇದಿಕೆಯ ಖಾಯಂ ತಂಡವಾದರು. 1996ರಲ್ಲಿ ಹುಟ್ಟಿದ ‘ನೋ ಬ್ರೈನ್’ ಮೊದಲಾದ ತಂಡಗಳೂ ಅದೇ ಮಾಳಿಗೆಯ ಕೂಸುಗಳು.

1996ರಲ್ಲಿ ಅವರು ಬೀದಿಗೂ ಇಳಿದು ನುಡಿಸಿದರು. ಅದೇ ವರ್ಷ, ಪೂರ್ವ ಪರಿಶೀಲನೆ ರದ್ದಾದ ಬೆನ್ನಿಗೇ, ‘ಅವರ್ ನೇಷನ್’ ಎಂಬ ಧ್ವನಿಮುದ್ರಿಕೆ ಹೊರಬಂತು. ಅದರಲ್ಲಿ ಒಂದು ಪಾಲು ಕ್ರೈಯಿಂಗ್ ನಟ್, ಇನ್ನೊಂದು ಪಾಲು ‘ಯೆಲ್ಲೊ ಕಿಚನ್’ ತಂಡದ್ದು. ದೊಡ್ಡ ಕಂಪನಿಗಳ ಹಂಗಿಲ್ಲದೆ ಬಂದ ಕೊರಿಯದ ಮೊದಮೊದಲ ಮುದ್ರಿಕೆಗಳಲ್ಲಿ ಅದು ಒಂದು.

ಇಲ್ಲೊಂದು ವಿನೋದದ ತೊಡಕಿತ್ತು. ಇಂಥ ಕ್ಲಬ್ಬುಗಳು ಕಾನೂನಿನ ಲೆಕ್ಕದಲ್ಲಿ ಬರೀ ಊಟದ ಹೋಟೆಲುಗಳು. ಹೋಟೆಲಿನಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ ಸಂಗೀತ ನುಡಿಸುವುದಕ್ಕೆ ಆಹಾರ ನೈರ್ಮಲ್ಯ ಕಾನೂನಿನಡಿ ಅವಕಾಶವಿರಲಿಲ್ಲ. ಒಬ್ಬನೇ ಕುಳಿತು ಗಿಟಾರ್ ಮೀಟಿದರೆ ಸರಿ, ಪಕ್ಕದಲ್ಲಿ ಡ್ರಮ್ ಬಡಿಯುವವನು ಬಂದರೆ ಅಪರಾಧ! ಕ್ಲಬ್ಬಿನವರು, ಸಂಗೀತಗಾರರು, ಬರಹಗಾರರು ಸೇರಿ ಒತ್ತಾಯಿಸಿದ ಮೇಲೆ 1999ರಲ್ಲಿ ಈ ನಿಯಮ ಬದಲಾಯಿತು. ಅಂದರೆ ಕೊರಿಯದ ಪಂಕ್ ತನ್ನ ಮೊದಲ ನಾಲ್ಕೈದು ವರ್ಷಗಳನ್ನು ಅಡುಗೆಮನೆಯ ಕಾಯಿದೆ ಮುರಿಯುತ್ತಲೇ ಕಳೆಯಿತು.

ಕುದುರೆ ಓಡಿಸೋಣ

ತಂಡಕ್ಕೆ ಹೆಸರು ತಂದ ಹಾಡು ‘ಮಲ್ ದಲ್ಲಿಜಾ’. ‘ಕುದುರೆ ಓಡಿಸೋಣ’ ಎಂದು ಅರ್ಥ. ‘ಅವರ್ ನೇಷನ್’ನಲ್ಲಿದ್ದ ಈ ಹಾಡು 1998ರಲ್ಲಿ ಬಂದ ತಂಡದ ಮೊದಲ ಸ್ವತಂತ್ರ ಮುದ್ರಿಕೆಯ ಮೂಲಕ ದೇಶವೆಲ್ಲ ಹರಡಿತು. ಉಪದೇಶ ಮಾಡುವವರ ಬಾಯಿ ಮುಚ್ಚಿಸಿ, ಕುದುರೆಯೇರಿ ಹೊರಡೋಣ ಎನ್ನುವ ಅಬ್ಬರದ ಹಾಡು ಅದು.

ಅದರ ಧೈರ್ಯ ತಿಳಿಯಬೇಕಾದರೆ ಕೊರಿಯನ್ ಭಾಷೆಯ ಒಂದು ಗುಣವನ್ನು ನೆನೆಯಬೇಕು. ನಮ್ಮಲ್ಲಿ ‘ಬಾ’, ‘ಬನ್ನಿ’ ಎಂದು ಎರಡು ಬಗೆಯಿದ್ದರೆ ಅಲ್ಲಿ ಎದುರಿಗಿರುವವರ ವಯಸ್ಸು, ಸ್ಥಾನಕ್ಕೆ ತಕ್ಕಂತೆ ಪ್ರತಿ ಕ್ರಿಯಾಪದದ ಕೊನೆಯೂ ಹಲವು ಬಗೆಯಲ್ಲಿ ಬದಲಾಗುತ್ತದೆ. ಒಂದೆರಡು ವರ್ಷಕ್ಕೆ ಹಿರಿಯನಾದವನೊಡನೆಯೂ ಸಲಿಗೆಯ ಮಾತು ಸಲ್ಲದು. ‘ದಲ್ಲಿಜಾ’ ಎಂಬಲ್ಲಿಯ ‘ಜಾ’ ಪ್ರತ್ಯಯ ಸಮಾನರ ನಡುವೆ, ಕಿರಿಯರೊಡನೆ ಬಳಸುವಂಥದು. ಹಿರಿಯರಿಗೆ ಹಾಗೆ ಹೇಳುವಂತಿಲ್ಲ. ಮಂತ್ರಿಯಿರಲಿ ಮೇಷ್ಟರಿರಲಿ, ಕೇಳುವ ಎಲ್ಲರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ ‘ಬಾರಯ್ಯ ಓಡೋಣ’ ಎಂದಂತಾಯಿತು. ಸರ್ಕಾರದ ಬಗ್ಗೆ ಒಂದು ಮಾತೂ ಇಲ್ಲದೆ ಹಾಡು ಬಂಡಾಯವಾದದ್ದು ಹೀಗೆ.

ಕಾಲವೂ ಕೂಡಿ ಬಂತು. 1997ರ ನವೆಂಬರ್‌ನಲ್ಲಿ ಕೊರಿಯ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಿತು. ದೊಡ್ಡ ದೊಡ್ಡ ಉದ್ಯಮಗಳು ಮುಗ್ಗರಿಸಿದವು. ದೇಶದ ಸಾಲ ತೀರಿಸಲೆಂದು ಗೃಹಿಣಿಯರು ಮದುವೆಯ ಉಂಗುರಗಳನ್ನು ಸಾಲಿನಲ್ಲಿ ನಿಂತು ಕೊಟ್ಟರು. ನೂರಕ್ಕೆ ಮೂರಕ್ಕಿಂತ ಕಡಿಮೆಯಿದ್ದ ನಿರುದ್ಯೋಗ 1998ರಲ್ಲಿ ಏಳರ ಆಸುಪಾಸಿಗೆ ಏರಿತು. ಚೆನ್ನಾಗಿ ಓದು, ಹಿರಿಯರ ಮಾತು ಕೇಳು, ಕಂಪನಿ ಸೇರು, ಸಾಯುವವರೆಗೂ ನೆಮ್ಮದಿ ಎಂದು ಆ ಪೀಳಿಗೆಗೆ ಹೇಳಿಕೊಟ್ಟಿದ್ದ ಪಾಠ ಒಂದೇ ಚಳಿಗಾಲದಲ್ಲಿ ಸುಳ್ಳಾಯಿತು. ಕೆಲಸ ಕಳೆದುಕೊಂಡ ಅಪ್ಪನಿಗೂ ಕೆಲಸ ಸಿಗದ ಮಗನಿಗೂ ಗಂಟಲು ಹರಿಯುವಂತೆ ಕೂಗಲು ಒಂದು ಹಾಡು ಬೇಕಿತ್ತು. ಹಣ ಕೊಟ್ಟು ಮೈಕು ಹಿಡಿದು ಹಾಡುವ ಅಲ್ಲಿಯ ಹಾಡುಕೋಣೆಗಳಲ್ಲಿ ‘ಕುದುರೆ ಓಡಿಸೋಣ’ ಅಚ್ಚುಮೆಚ್ಚಿನ ಗೀತೆಯಾಯಿತು.

ಸರ್ಕಸ್ಸಿನಿಂದ ಸೈನ್ಯಕ್ಕೆ

ಒಂದು ಹಾಡಿನ ತಂಡವಾಗಿ ಅವರು ಉಳಿಯಲಿಲ್ಲ. ಅಕಾರ್ಡಿಯನ್ ಮತ್ತು ಕೀಬೋರ್ಡ್ ನುಡಿಸುವ ಕಿಮ್ ಇನ್-ಸೂ ಬಂದು ಸೇರಿಕೊಂಡ ಮೇಲೆ ತಂಡದ ಧ್ವನಿಯೇ ಬದಲಾಯಿತು. 1999ರ ಎರಡನೆಯ ಮುದ್ರಿಕೆಯ ಹೆಸರು ‘ಸರ್ಕಸ್ ಮ್ಯಾಜಿಕ್ ಅಲೆಮಾರಿ ತಂಡ’ ಎಂಬರ್ಥದ್ದು. ಊರೂರು ಅಲೆಯುವ ಹಳೆಯ ಮೇಳಗಳ ಲಯ, ಹಿಂದಿನ ತಲೆಮಾರಿನ ಗೋಳುಹಾಡುಗಳ ಛಾಯೆ ಪಂಕ್‌ನ ವೇಗದೊಡನೆ ಬೆರೆಯಿತು. 1392ರಿಂದ ಐದು ಶತಮಾನ ಆಳಿದ ಚೋಸೊನ್ ರಾಜವಂಶದ ಹೆಸರನ್ನು ಸೇರಿಸಿ ಜನ ಇದನ್ನು ‘ಚೋಸೊನ್ ಪಂಕ್’ ಎಂದು ಕರೆದರು. ಎರವಲು ತಂದ ಬೀಜ, ಮಣ್ಣು ಮಾತ್ರ ಊರಿನದು ಎಂಬುದು ಆ ಹೆಸರಿನ ಇಂಗಿತ.

2001ರ ಮೂರನೆಯ ಮುದ್ರಿಕೆಯಲ್ಲಿ ‘ರಾತ್ರಿ ಬಹಳವಾಯಿತು’ ಎಂಬರ್ಥದ ಮೆಲುದನಿಯ ಹಾಡು ಮನೆಮಾತಾಯಿತು. ‘ಲುಕಿಂಗ್ ಫಾರ್ ಬ್ರೂಸ್ ಲೀ’ ಎಂಬ ಚಲನಚಿತ್ರದಲ್ಲೂ ಅವರು ಕಾಣಿಸಿಕೊಂಡರು. ಟಿವಿಗೆ ಬಂದವರು ಪಂಕ್ ಹೇಗಾದಾರು ಎಂಬ ಆಕ್ಷೇಪವೂ ಬಾರದಿರಲಿಲ್ಲ. ಬಂಡಾಯಗಾರ ಜನಪ್ರಿಯನಾದರೆ ಎಲ್ಲ ದೇಶಗಳಲ್ಲೂ ಕೇಳಿಬರುವ ಮಾತು ಇದು. ಸುಳ್ಳೆನ್ನುವಂತಿಲ್ಲ, ಪೂರ್ತಿ ನಿಜವೂ ಅಲ್ಲ.

ಕೊರಿಯದ ಗಂಡುಮಕ್ಕಳೆಲ್ಲ ಸೈನ್ಯದಲ್ಲಿ ಸೇವೆ ಸಲ್ಲಿಸಲೇಬೇಕು. ಎಷ್ಟೋ ಸಂಗೀತ ತಂಡಗಳು ಒಡೆಯುವುದು ಇಲ್ಲಿಯೇ. ಒಬ್ಬ ಬರುವ ಹೊತ್ತಿಗೆ ಇನ್ನೊಬ್ಬ ಹೊರಟಿರುತ್ತಾನೆ. ಬಾಲ್ಯದ ಗೆಳೆಯರು 2002–03ರ ಸುಮಾರಿಗೆ ಹೆಚ್ಚು ಅಂತರವಿಲ್ಲದೆ ಸೈನ್ಯ ಸೇರಿ, ಸೇವೆ ಮುಗಿಸಿ ಮತ್ತೆ ಒಂದುಗೂಡಿದರು. 2006ರಲ್ಲಿ ಐದನೆಯ ಮುದ್ರಿಕೆ ಹೊರತಂದರು.

ಅವರು ಮರಳಿದ ಲೋಕ ಬದಲಾಗಿತ್ತು. 2005ರ ಜುಲೈನಲ್ಲಿ ಟಿವಿಯ ನೇರ ಪ್ರಸಾರವೊಂದರಲ್ಲಿ ಬೇರೊಂದು ಪಂಕ್ ತಂಡದ ಜೊತೆ ವೇದಿಕೆಯೇರಿದ್ದ ಇಬ್ಬರು ಬಟ್ಟೆ ಕಳಚಿ ನಿಂತರು. ಕಾರ್ಯಕ್ರಮವೇ ನಿಂತುಹೋಯಿತು. ಹೊಂಗ್‌ದೇಯ ಎಲ್ಲ ಕ್ಲಬ್ಬುಗಳ ಮೇಲೂ ಅನುಮಾನದ ಕಣ್ಣು ಬಿತ್ತು. ಟಿವಿಯ ಬಾಗಿಲು ಅಂಥ ತಂಡಗಳಿಗೆ ವರ್ಷಗಟ್ಟಲೆ ಮುಚ್ಚಿತು. ಇಬ್ಬರ ಹುಚ್ಚಾಟಕ್ಕೆ ಇಡೀ ಬೀದಿ ದಂಡ ತೆತ್ತಿತು.

ಇನ್ನೊಂದು ಪೆಟ್ಟು ಸದ್ದಿಲ್ಲದೆ ಬಂತು. ಕ್ಲಬ್ಬುಗಳಿಂದಾಗಿ ಹೊಂಗ್‌ದೇ ಪ್ರಸಿದ್ಧವಾಯಿತು, ಪ್ರಸಿದ್ಧಿಯಿಂದಾಗಿ ಪ್ರವಾಸಿಗಳು, ಬಟ್ಟೆಯಂಗಡಿಗಳು, ಕಾಫಿ ಅಂಗಡಿಗಳು ಬಂದವು, ಬಾಡಿಗೆ ಏರಿತು, ಏರಿದ ಬಾಡಿಗೆ ಕೊಡಲಾಗದೆ ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಸರ್ಕಾರದ ಕತ್ತರಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು. ಬಾಡಿಗೆಯ ಕತ್ತರಿಗೆ ಯಾವ ನ್ಯಾಯಾಲಯ?

ಆದರೂ ಅಕ್ರೋಟುಗಳು ಒಡೆಯಲಿಲ್ಲ. 2014ರಲ್ಲಿ ಹಳೆಯ ಮಾಳಿಗೆಯ ಗೆಳೆಯರಾದ ನೋ ಬ್ರೈನ್ ಜೊತೆ ಸೇರಿ, ಆ ಮೊದಲ ದಿನಗಳ ನೆನಪಿಗೆ ‘96’ ಎಂಬ ಮುದ್ರಿಕೆ ತಂದರು. 2018ರಲ್ಲಿ ಎಂಟನೆಯ ಮುದ್ರಿಕೆ ಬಂತು. ಡ್ರಗ್‌ನ ವೇದಿಕೆ ಹತ್ತಿದಲ್ಲಿಂದ 2025ಕ್ಕೆ ಮೂವತ್ತು ವರ್ಷ. ಬಸ್ಸಿನ ಕಾಸು ತಿಂದು ಮುಗಿಸಿದ ಹುಡುಗರು ಐವತ್ತರ ಹೊಸ್ತಿಲಿಗೆ ಬಂದರು. ಮೊದಲ ನಾಲ್ವರಲ್ಲಿ ಒಬ್ಬರೂ ತಂಡ ಬಿಡಲಿಲ್ಲ.

ಹಿರಿಯರಿಗೆ ಸುಮ್ಮನಿರಿ ಎಂದವರು ತಾವೇ ಹಿರಿಯರಾದ ಮೇಲೆ ಏನು ಮಾಡಬೇಕು? ಅವರು ಉಪದೇಶಕ್ಕೆ ಇಳಿಯಲಿಲ್ಲ. ಅದೇ ಹಾಡನ್ನು, ಅದೇ ಸಲಿಗೆಯ ಕ್ರಿಯಾಪದದಲ್ಲಿ, ತಮ್ಮ ಮಕ್ಕಳ ವಯಸ್ಸಿನವರೊಡನೆ ಕೂಗಿ ಹಾಡಿದರು. ಕಾಸಿಲ್ಲದಿದ್ದರೆ ನಡೆದೇ ಮನೆ ಸೇರಬಹುದು, ಗೆಳೆಯರು ಜೊತೆಗಿದ್ದರೆ ಸಾಕು ಎಂಬುದನ್ನು ಅವರು ಚಿಕ್ಕಂದಿನಲ್ಲೇ ಕಲಿತಿದ್ದರಷ್ಟೆ.