ಮಿತ್ರಕೀಟ ಒಳಗಿದ್ದಾಗ ಯಾವ ಔಷಧಿ ಹೊಡೆಯಬೇಕು?

ಸ್ಪೇನಿನ ಆಗ್ನೇಯ ಕರಾವಳಿಯ ಅಲ್ಮೇರಿಯಾದಲ್ಲಿ ಸುಮಾರು 30,000 ಹೆಕ್ಟೇರ್ ನೆಲ ಪ್ಲಾಸ್ಟಿಕ್ ಹೊದ್ದುಕೊಂಡಿದೆ. ಚಳಿಗಾಲದಲ್ಲಿ ಯುರೋಪಿನ ಅಡುಗೆಮನೆಗಳಿಗೆ ದೊಣ್ಣೆ ಮೆಣಸಿನಕಾಯಿ, ಟೊಮೆಟೊ, ಸೌತೆಕಾಯಿ ದೊಡ್ಡ ಪ್ರಮಾಣದಲ್ಲಿ ಹೋಗುವುದು ಈ ಹಸಿರುಮನೆಗಳಿಂದ. 2006ರ ಕೊನೆಯಲ್ಲಿ ಇಲ್ಲಿಯ ಮೆಣಸಿನಕಾಯಿಯಲ್ಲಿ ಐಸೊಫೆನ್‌ಫಾಸ್-ಮೀಥೈಲ್ ಎಂಬ ಅನುಮತಿಯಿಲ್ಲದ ಕೀಟನಾಶಕದ ಅಂಶ ಜರ್ಮನಿಯಲ್ಲಿ ಪತ್ತೆಯಾಯಿತು. ಕೊಳ್ಳುವವರು ಹಿಂದೆ ಸರಿದರು. ಇತ್ತ ಗಿಡದ ರಸ ಹೀರುವ ಪುಟ್ಟ ಕೀಟ ಥ್ರಿಪ್ಸ್ ಹಲವು ಔಷಧಿಗಳಿಗೆ ಬಗ್ಗದಂತಾಗಿತ್ತು. ರೈತರು ಪೀಡೆಗಳನ್ನು ತಿನ್ನುವ ಮಿತ್ರಕೀಟಗಳತ್ತ ತಿರುಗಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಬಹುಪಾಲು ಮೆಣಸಿನ ಹಸಿರುಮನೆಗಳಲ್ಲಿ ಅವು ನೆಲೆಯೂರಿದವು.

ಮುಖ್ಯ ಬೇಟೆಗಾರರು ಇಬ್ಬರು. ತಿಗಣೆ ಗುಂಪಿಗೆ ಸೇರಿದ ಒರಿಯಸ್ ಲೇವಿಗೇಟಸ್ ಎರಡು ಮಿಲಿಮೀಟರ್ ಆಸುಪಾಸಿನ ಕೀಟ. ಹೂವಿನಲ್ಲಿ ಅಡಗಿದ ಥ್ರಿಪ್ಸನ್ನು ಮೂತಿಯಿಂದ ಚುಚ್ಚಿ ಹೀರುತ್ತದೆ. ಆಂಬ್ಲಿಸಿಯಸ್ ಸ್ವಿರ್ಸ್ಕಿ ಕೀಟವಲ್ಲ, ಎಂಟು ಕಾಲಿನ ನುಸಿ. ಥ್ರಿಪ್ಸಿನ ಮರಿ, ಬಿಳಿ ನೊಣದ ಮೊಟ್ಟೆ ಅದರ ಊಟ. ಬೇಟೆ ಸಿಗದಿದ್ದರೆ ಎರಡೂ ಪರಾಗ ತಿಂದು ಬದುಕುತ್ತವೆ. ಹಾಗಾಗಿ ಗಿಡ ಹೂ ಬಿಟ್ಟ ಕೂಡಲೆ, ಪೀಡೆ ಹೆಚ್ಚುವ ಮೊದಲೇ ಅವನ್ನು ಬಿಡಬಹುದು.

ಹಾಗೆಂದು ಪಂಪು ಅಟ್ಟ ಸೇರಲಿಲ್ಲ. ಸಸ್ಯಹೇನನ್ನೂ ಎಲೆ ತಿನ್ನುವ ಹುಳುಗಳನ್ನೂ ಈ ಇಬ್ಬರೇ ನಿಭಾಯಿಸಲಾರರು. ಬದಲಾದದ್ದು ಔಷಧಿಯ ಆಯ್ಕೆ.

ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಎಲೆಯ ಮೇಲೆ ಉಳಿದು ವಾರಗಟ್ಟಲೆ ಮಿತ್ರಕೀಟಗಳನ್ನೂ ಕೊಲ್ಲುತ್ತದೆ. ಬಿಟಿ ಎಂಬ ಬ್ಯಾಕ್ಟೀರಿಯಾ ಔಷಧಿ ಹಾಗಲ್ಲ. ಎಲೆಯೊಂದಿಗೆ ಹುಳುವಿನ ಹೊಟ್ಟೆ ಸೇರಿದರಷ್ಟೇ ಅದು ಕೆಲಸ ಮಾಡುತ್ತದೆ, ಒರಿಯಸ್‌ಗೆ ಬಾಧೆಯಿಲ್ಲ. ಸಾಬೂನಿನ ದ್ರಾವಣ ಹಸಿಯಾಗಿರುವಾಗ ಮೈಗೆ ತಗುಲಿದ ಮೆದು ಕೀಟಗಳನ್ನೆಲ್ಲ ಕೊಲ್ಲುತ್ತದೆ, ಒಣಗಿದ ಮೇಲೆ ನಿರುಪದ್ರವಿ. ಆದ್ದರಿಂದ ಅದನ್ನು ಹೇನು ಕಂಡ ಗಿಡಗಳಿಗಷ್ಟೇ ಹೊಡೆಯುತ್ತಾರೆ. ಪೊರೆ ಕಳಚುವುದನ್ನು ತಡೆಯುವ ಔಷಧಿಗಳು ಇನ್ನೂ ಕಪಟಿಗಳು: ದೊಡ್ಡ ಒರಿಯಸ್ ಆರಾಮಾಗಿ ಓಡಾಡುತ್ತಿದ್ದರೂ ಮರಿಗಳು ಸಾಯುತ್ತಿರಬಹುದು.

ಯಾವ ಔಷಧಿ ಮಿತ್ರಕೀಟಕ್ಕೆ ಎಷ್ಟು ಹಾನಿಕರ ಎಂಬುದಕ್ಕೊಂದು ಅಳತೆಗೋಲೂ ಇದೆ. ಅಂತರರಾಷ್ಟ್ರೀಯ ಜೈವಿಕ ನಿಯಂತ್ರಣ ಸಂಸ್ಥೆ ಔಷಧಿಗಳನ್ನು 1ರಿಂದ 4ರವರೆಗೆ ವರ್ಗೀಕರಿಸುತ್ತದೆ. ಪ್ರಯೋಗಾಲಯದಲ್ಲಿ ಶೇ. 30ಕ್ಕಿಂತ ಕಡಿಮೆ ಮಿತ್ರಕೀಟ ಸತ್ತರೆ 1, ಶೇ. 99 ದಾಟಿದರೆ 4.

ನಮ್ಮ ಪಾಲಿಹೌಸ್‌ಗಳ ದೊಣ್ಣೆ ಮೆಣಸಿನಕಾಯಿಗೂ ಥ್ರಿಪ್ಸ್, ಪೀಡಕ ನುಸಿಗಳ ಕಾಟವಿದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಒರಿಯಸ್‌ನ ಬಂಧುವಾದ ಬ್ಲಾಪ್ಟೊಸ್ಟೆಥಸ್ ಎಂಬ ಪರಭಕ್ಷಕವನ್ನು ಸಾಕಿ ಬೆಳೆಸುವ ವಿಧಾನ ರೂಪಿಸಿದೆ. ಇಂಥವನ್ನು ತರಬೇಕೆಂದಿರುವ ಬೆಳೆಗಾರರು ಹಿಂದಿನ ಎರಡು ತಿಂಗಳು ಏನೇನು ಹೊಡೆದಿದ್ದಾರೆ ಎಂಬ ಪಟ್ಟಿಯನ್ನು ಮೊದಲು ತಜ್ಞರಿಗೆ ತೋರಿಸಲಿ.