ದ್ರೋಣ ಅಲ್ಲ ಯವ್ವಾ, ಡ್ರೋನ್!

ಮೊನ್ನೆ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಯರಗಟ್ಟಿಯಿಂದ ನಮ್ಮ ಹೊಲಕ್ಕೆ ಬೈಕಿನಲ್ಲಿ ಕಾಲು ತಾಸು. ಸಜ್ಜಿ ರೊಟ್ಟಿ, ಬದನಿಕಾಯಿ ಎಣಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಿದ್ದೆವು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ ಆಯಿತು, ಚರಗ ಚೆಲ್ಲಿದ್ದೂ ಆಯಿತು. ಇನ್ನೇನು ಊಟಕ್ಕೆ ಕುಂತೆವು ಅನ್ನುವಷ್ಟರಲ್ಲಿ ಬಾಜೂ ಹೊಲದ ಕಬ್ಬಿನ ಮೇಲೆ ಗುಂಯ್ ಅಂತ ಸದ್ದು. ಔಷಧಿ ಹೊಡೆಯುವ ಬಾಡಿಗೆ ಡ್ರೋನ್. ಪಾಳಿ ಬಂದಾಗ ಹೊಡೆಸಬೇಕು, ಅಮಾಸಿ ನೋಡಿದರೆ ಆದೀತೇ?

ನಾವೆಲ್ಲ ಮೇಲೆ ನೋಡಿದೆವು. ನಮ್ಮ ಕಾಕಾನ ಮಗ ಒಬ್ಬ ಮಾತ್ರ ನೋಡಲಿಲ್ಲ. ಕೈಯಾಗಿನ ರೊಟ್ಟಿ ಕೆಳಗಿಟ್ಟು, ಕಬ್ಬಿನ ಸಾಲು, ಬದು, ಪಂಪ್‌ಸೆಟ್ ಮನೆ ಎಲ್ಲ ಕಣ್ಣಾಡಿಸಿದ. ಆಮೇಲೆ ಸಣ್ಣಗೆ, ‘ಹಾರ್ಸಾಂವ ಅಲ್ಲಿ ನಿಂತಾನ ನೋಡಣ್ಣಾ’ ಅಂದ.

ಚಿಗವ್ವ ನಕ್ಕಳು. ‘ನನ್ನ ಮಗಾನೂ ಅದೇ ದ್ರೋಣ ಹಾರ್ಸೂದಪಾ. ಮುಂದ ಹೋಗಿ ಗುಂಡು ಹೊಡ್ಯೂದಿಲ್ಲ ಏನಿಲ್ಲ. ನೆರಳಾಗ ಕುಂತು ಟೀವಿ ನೋಡಿದಂಗ.’

‘ದ್ರೋಣ ಅಲ್ಲ ಯವ್ವಾ, ಡ್ರೋನ್’ ಅಂತ ಅಂವ ತಿದ್ದಿದ. ಟೀವಿ ನೋಡಿದಂಗ ಅನ್ನುವ ಮಾತನ್ನು ಮಾತ್ರ ತಿದ್ದಲಿಲ್ಲ.

ಅಂವ ಅಗ್ನಿವೀರ. ವಯಸ್ಸು 22. 2023ರ ಜನವರಿಯಲ್ಲಿ ತರಬೇತಿಗೆ ಹೋದ ಮೊದಲ ತಂಡದವ, ಕಾಲಾಳು ಪಡೆ. ಈಗ ಕೆಲವು ತಿಂಗಳಿಂದ ತನ್ನ ಬೆಟಾಲಿಯನ್ನಿನ ಡ್ರೋನ್ ತುಕಡಿಯಲ್ಲಿದ್ದಾನೆ. ಬೆಂಗಳೂರಿನಲ್ಲಿ ಕೋಡ್ ಬರೆಯುವ ನಾನೂ ಚಿಗವ್ವನ ಹಾಗೇ ತಿಳಿದಿದ್ದೆ. ಜಾಯ್‌ಸ್ಟಿಕ್ ಹಿಡಿದು ಗೇಮ್ ಆಡಿದಂತೆ, ಸೇಫ್ ಡ್ಯೂಟಿ ಅಂತ. ಅವತ್ತು ರಾತ್ರಿ ಮಾಳಿಗೆ ಮೇಲೆ ಮಲಗಿ ಮಾತಾಡುವಾಗ ಅದು ತಪ್ಪು ಅಂತ ಗೊತ್ತಾಯಿತು.

ಸಿಡಿಲಿನ ಹೆಸರಿನ ತುಕಡಿ

2025ರ ಜುಲೈ 26, ಕಾರ್ಗಿಲ್ ವಿಜಯ ದಿವಸ. ದ್ರಾಸ್‌ನಲ್ಲಿ ಮಾತಾಡಿದ ಭೂಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ, ಕಾಲಾಳು ಪಡೆಯ ಬೆಟಾಲಿಯನ್‌ಗಳಿಗೆ ಡ್ರೋನ್ ಪ್ಲಟೂನ್ ಕೊಡುವುದಾಗಿ ಹೇಳಿದರು. ಇವುಗಳ ಹೆಸರು ‘ಅಶ್ನಿ’. ಸಂಸ್ಕೃತದ ಅಶನಿ, ಅಂದರೆ ಸಿಡಿಲು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ 380 ಬೆಟಾಲಿಯನ್‌ಗಳಲ್ಲಿ ಇಂಥ ಪ್ಲಟೂನ್ ಸಿದ್ಧವಾಗಿವೆ ಎಂದು ಸೇನೆ ತಿಳಿಸಿತು. ಕೆಲವು ಡ್ರೋನ್ ನೋಡುವುದಕ್ಕೆ, ಕೆಲವು ಹೊಡೆಯುವುದಕ್ಕೆ.

ಇಷ್ಟು ಅವಸರ ಯಾಕೆ? ಉಕ್ರೇನ್ ಯುದ್ಧ ನೀವೂ ಮೊಬೈಲಿನಲ್ಲಿ ನೋಡಿದ್ದೀರಿ. ಕೆಲವು ನೂರು ಡಾಲರ್‌ನ ಪುಟ್ಟ ಡ್ರೋನು ಕೋಟಿಗಟ್ಟಲೆ ಬೆಲೆಯ ಟ್ಯಾಂಕ್ ಸುಡುತ್ತದೆ. ಉಕ್ರೇನ್ 2024ರಲ್ಲಿ ಇದಕ್ಕೆಂದೇ ಪ್ರತ್ಯೇಕ ಪಡೆ ಕಟ್ಟಿತು. ಅಷ್ಟು ದೂರ ಯಾಕೆ, ಆಪರೇಷನ್ ಸಿಂಧೂರದ ಹೊತ್ತಿನ ನಮ್ಮದೇ ಅನುಭವ ಸಾಕು. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ ಸುಮಾರು 300ರಿಂದ 400 ಡ್ರೋನ್ ಬಿಟ್ಟಿತ್ತು ಅಂತ ಮರುದಿನ ದೇಶಕ್ಕೆ ತಿಳಿಸಿದವರು ಕರ್ನಲ್ ಸೋಫಿಯಾ ಖುರೇಷಿ. ಅವರು ನಮ್ಮ ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ. ಅವತ್ತು ಯರಗಟ್ಟಿಯ ಚಾ ಅಂಗಡಿಗಳಲ್ಲೂ ಅದೇ ಸುದ್ದಿ.

ದೊಡ್ಡ ಡ್ರೋನ್‌ಗಳ ಕಥೆ ಬೇರೆ. ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳುವುದಕ್ಕೆ 2024ರ ಅಕ್ಟೋಬರ್‌ನಲ್ಲಿ ಸಹಿ ಬಿತ್ತು. ಅದು ಸುಮಾರು ₹32,000 ಕೋಟಿಯ ವ್ಯವಹಾರ. ನಮ್ಮ ಹುಡುಗರ ಕೈಗೆ ಬರುತ್ತಿರುವುದು ಬೆನ್ನ ಮೇಲೆ ಹೊತ್ತು ನಡೆಯುವಂಥ ಸಣ್ಣವು.

ಕಣ್ಣು ಕಟ್ಟಿಕೊಂಡ ಹುಡುಗ

‘ಎಲ್ಲಿ, ಎಷ್ಟು, ಯಾವ ಕಂಪನಿದು ಅಂತ ಕೇಳಬ್ಯಾಡ’ ಅಂತ ಮೊದಲೇ ಹೇಳಿದ. ನಾನೂ ಕೇಳಲಿಲ್ಲ. ಕೆಲಸ ಹೇಗೆ ಅಂತ ಮಾತ್ರ ಕೇಳಿದೆ.

ಮದುವೆ ಶೂಟಿಂಗಿನ ಡ್ರೋನ್ ನೋಡಿದ್ದೀರಲ್ಲ? ಕೈ ಬಿಟ್ಟರೂ ಜಿಪಿಎಸ್ ಹಿಡಿದು ಗಾಳಿಯಲ್ಲಿ ನಿಂತುಕೊಳ್ಳುತ್ತದೆ. ಎಫ್‌ಪಿವಿ ಡ್ರೋನ್ ಹಾಗಲ್ಲ. ಅದರ ಕ್ಯಾಮೆರಾ ಕಾಣುವುದನ್ನೇ ಪೈಲಟ್ ಗಾಗಲ್‌ನಲ್ಲಿ ನೋಡುತ್ತಾ ಹಾರಿಸಬೇಕು. ಬೆರಳು ಸ್ವಲ್ಪ ತಪ್ಪಿದರೂ ನೆಲಕ್ಕೆ. ಅದಕ್ಕೇ ಮೊದಲು ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ದಿನಗಟ್ಟಲೆ ಅಭ್ಯಾಸ, ಆಮೇಲೆ ಬಯಲು, ಆಮೇಲೆ ಗಿಡಮರ, ಕಿಟಕಿ, ಕಂದಕ. ಬಿದ್ದದ್ದನ್ನು ತಾನೇ ರಿಪೇರಿ ಮಾಡಬೇಕು. ‘ಬೆಸುಗೆ ಹಾಕಿ ಹಾಕಿ ಬಳ್ಳು ಸುಟ್ಟಾವು’ ಅಂತ ಕೈ ತೋರಿಸಿದ.

ಅಷ್ಟೇ ಅಲ್ಲ. ಗುಡ್ಡ ಅಡ್ಡ ಬಂದರೆ ಚಿತ್ರ ಹೋಗುತ್ತದೆ. ಎದುರಿನವರು ಜಾಮರ್ ಹಚ್ಚಿದರೆ ಸಿಗ್ನಲ್ ಹೋಗುತ್ತದೆ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ಗಾಳಿ ಓದಬೇಕು, ನಕ್ಷೆ ಓದಬೇಕು. ಹೊಡೆಯಬಾರದ್ದು ಯಾವುದು ಅನ್ನುವುದನ್ನೂ ಕಲಿಯಬೇಕು.

ಈ ಕೆಲಸ ಒಬ್ಬನಿಂದ ಆಗುವುದಲ್ಲ ಅಂತ ಅರ್ಥವಾದದ್ದು ಆಗ. ಒಬ್ಬ ಹಾರಿಸುತ್ತಾನೆ. ಇನ್ನೊಬ್ಬ ಎತ್ತರದ ಡ್ರೋನಿನಿಂದ ದಾರಿ ನೋಡಿ ಹೇಳುತ್ತಾನೆ. ಮತ್ತೊಬ್ಬ ಬ್ಯಾಟರಿ, ಆಂಟೆನಾ, ಸ್ಫೋಟಕದ ಜವಾಬ್ದಾರಿ ಹೊರುತ್ತಾನೆ. ಇನ್ನೊಬ್ಬನ ಕೆಲಸ ಬಂದೂಕು ಹಿಡಿದು ಕಾಯುವುದು. ಯಾಕೆಂದರೆ ಗಾಗಲ್ ಹಾಕಿಕೊಂಡವನಿಗೆ ಕಿಲೋಮೀಟರ್ ಆಚೆಯದು ಕಾಣುತ್ತದೆ, ಬೆನ್ನ ಹಿಂದೆ ಬಂದು ನಿಂತವ ಕಾಣುವುದಿಲ್ಲ.

‘ವೈರಿ ಮೊದಲ ಹುಡುಕೂದು ಡ್ರೋನ್ ಅಲ್ಲಣ್ಣಾ, ಹಾರ್ಸಾಂವನ್ನ’ ಅಂದ. ಹೊಲದಲ್ಲಿ ಅಂವ ಮೇಲೆ ನೋಡದೇ ಇದ್ದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

ಬಾಳಪ್ಪನ ಗುಂಡು, ಹುಡುಗನ ಪರದೆ

ನಮ್ಮ ಭಾಗಕ್ಕೆ ಸೈನ್ಯ ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಕಮಾಂಡೊ ತರಬೇತಿಯಿದೆ, ಸಾಂಬ್ರಾದಲ್ಲಿ ವಾಯುಸೇನೆಯ ತರಬೇತಿ ಶಾಲೆಯಿದೆ. ಡ್ರೋನೂ ಕರ್ನಾಟಕಕ್ಕೆ ಹೊಸದಲ್ಲ. ‘ಲಕ್ಷ್ಯ’, ‘ನಿಶಾಂತ್’ ರೂಪುಗೊಂಡದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ. ಚಳ್ಳಕೆರೆ ಹತ್ತಿರ ಪರೀಕ್ಷಾ ವಲಯವಿದೆ. 2023ರ ಆಗಸ್ಟ್‌ನಲ್ಲಿ ‘ತಪಸ್’ ಡ್ರೋನ್ ಹಿರಿಯೂರು ತಾಲೂಕಿನ ಹೊಲದಲ್ಲಿ ಬಿದ್ದಾಗ ಊರಿಗೆ ಊರೇ ನೋಡಲು ಓಡಿದ ವಿಡಿಯೊ ನೆನಪಿರಬೇಕು.

ಹಾಗೆ ನೋಡಿದರೆ ಗುರಿ ಇಡುವುದೂ ನಮಗೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ್ದು ಅಮಟೂರ ಬಾಳಪ್ಪನ ಗುಂಡು. ಈ ಕಥೆ ಕೇಳದ ಮಗು ಬೈಲಹೊಂಗಲ ಸೀಮೆಯಲ್ಲಿಲ್ಲ. ನಾನು ತಮಾಷೆಗೆ, ‘ನೀನು ಈಗಿನ ಕಾಲದ ಬಾಳಪ್ಪ’ ಅಂದೆ. ಅಂವ ನಗಲಿಲ್ಲ.

‘ಬಂದೂಕಿಗೆ ದೂರಿನ ಮನಶ್ಯಾ ಸಣ್ಣಾಗಿ ಕಾಣ್ತಾನಣ್ಣಾ. ಇದರಾಗ ಹತ್ರ ಹ್ವಾದಂಗ ದೊಡ್ಡಾವ ಆಕ್ಕೋತ ಬರ್ತಾನ’ ಅಂದ. ಅಭ್ಯಾಸದಲ್ಲಿ ಒಮ್ಮೆ ಗುರಿಗೆ ಹಳೇ ಅಂಗಿ ತೊಡಿಸಿದ್ದರಂತೆ. ಕೊನೆಯ ಕ್ಷಣದಲ್ಲಿ ಅದರ ಗುಂಡಿ ಕಾಣಿಸಿತಂತೆ. ಒಂದು ಗುಂಡಿ ಇರಲಿಲ್ಲ. ಆಮೇಲೆ ಪರದೆ ಪೂರಾ ಬಿಳೀ ಚುಕ್ಕಿ. ‘ಅದು ಬರೇ ಹುಲ್ಲಿನ ಗೊಂಬಿ. ಆದ್ರೂ ಆವತ್ತ ಊಟ ಸೇರಲಿಲ್ಲ.’

ದೂರ ಕುಂತು ಡ್ರೋನ್ ನಡೆಸುವ ಅಮೆರಿಕದ ಸೈನಿಕರಲ್ಲೂ ಮಾನಸಿಕ ಒತ್ತಡ ಕಂಡುಬಂದಿದೆ. ಹುಡುಗರಿಗೆ ಬೆರಳಿನ ತರಬೇತಿ ಕೊಡುವಷ್ಟೇ ಕಾಳಜಿಯಿಂದ ಮನಸ್ಸಿನ ಬಗ್ಗೆಯೂ ನೋಡಬೇಕು. ಇದನ್ನು ಸೈನಿಕರ ಮನೆಯವರಾದ ನಾವೂ ಕಲಿಯಬೇಕು. ರಜೆಗೆ ಬಂದವ ಸುಮ್ಮನೆ ಕುಂತಿದ್ದರೆ ‘ಯಾಕೋ, ಮಾತಾಡವಲ್ಲಿ?’ ಅಂತ ಕೆಣಕುವ ಬದಲು ಪಕ್ಕದಲ್ಲಿ ಸುಮ್ಮನೆ ಕುಂತರೂ ಸಾಕು.

ನಾಲ್ಕು ವರ್ಷದ ಲೆಕ್ಕ

ಇನ್ನೊಂದು ಚಿಂತೆ ಅಂವ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಲೆಕ್ಕ ಹಾಕಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥದ ಪ್ರಕಾರ ಸೇವೆ ನಾಲ್ಕು ವರ್ಷ. ಆಮೇಲೆ ಸೇನೆಯಲ್ಲಿ ಉಳಿಯುವವರು ಶೇ 25ರವರೆಗೆ. ಉಳಿದವರು ಸೇವಾ ನಿಧಿಯ ಸುಮಾರು ₹11.7 ಲಕ್ಷ ತೆಗೆದುಕೊಂಡು ಮನೆಗೆ. ನಮ್ಮವನಿಗೆ ಬಾಕಿ ಇರುವುದು ಒಂದೇ ವರ್ಷ.

ಡ್ರೋನ್ ಒಡೆದರೆ ಇನ್ನೊಂದು ತರಬಹುದು. ನೂರಾರು ತಾಸು ಹಾರಿಸಿ, ಬೀಳಿಸಿ, ಬೆಸೆದು ಕಲಿತ ಕೈ ಹಾಗೆ ಸಿಗುವುದಿಲ್ಲ. ಒಬ್ಬರ ಉಸಿರು ಒಬ್ಬರಿಗೆ ಗೊತ್ತಿರುವ ನಾಲ್ಕು ಮಂದಿಯ ತಂಡ ಇನ್ನೂ ಕಷ್ಟ. ಇಂಥವರನ್ನು ಆದಷ್ಟು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಅನಿಸಿಕೆ. ಹೊರಬರುವವರಿಗೂ ದಾರಿ ಇರಬೇಕು. 2021ರ ಡ್ರೋನ್ ನಿಯಮದಂತೆ ಬಾಡಿಗೆಗೆ ಡ್ರೋನ್ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಸಮವಸ್ತ್ರ ಕಳಚುವ ದಿನವೇ ಅದು ಕೈಯಲ್ಲಿದ್ದರೆ ಎಷ್ಟು ಚಲೋ! ಕೇಂದ್ರ ಸರ್ಕಾರ 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆ ಮಾಡಿದೆ. ಅವುಗಳನ್ನು ಹಾರಿಸಲು ಕಲಿಸುವವರು, ರಿಪೇರಿ ಮಾಡುವವರು ಊರೂರಿಗೆ ಬೇಕಲ್ಲವೇ?

ಮರುದಿನ ನಸುಕಿನಲ್ಲಿ ಅಂವ ಬಾಜೂ ಹೊಲಕ್ಕೆ ಹೋಗಿ ಆ ಬಾಡಿಗೆ ಡ್ರೋನಿನ ಹುಡುಗನ ಜೊತೆ ಮಾತಾಡುತ್ತಾ ನಿಂತಿದ್ದ. ‘ಗಾಳಿ ಬರೂ ಕಡೆ ನಿಂತು ಹಾರ್ಸೋ ತಮ್ಮಾ, ಔಷಧಿ ಮೈಮ್ಯಾಲ ಬರೂದಿಲ್ಲ’ ಅನ್ನುವುದು ಕೇಳಿಸಿತು.

ನಾನು ಬೆಂಗಳೂರಿನ ಬಸ್ ಹತ್ತುವಾಗ ಬುತ್ತಿ ಕೊಟ್ಟ ಚಿಗವ್ವ ಮತ್ತೆ ಕೇಳಿದಳು, ‘ಅಂವ ನೆರಳಾಗ ಇರ್ತಾನಲ್ಲಪಾ?’

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎಲ್ಲ ಹೇಳಲೂ ಬಾಯಿ ಬರಲಿಲ್ಲ.

‘ಅಂವಾ ಒಬ್ಬನ ಇರೂದಿಲ್ಲ ಚಿಗವ್ವಾ. ಬಾಜೂಕ ಒಬ್ಬಾಂವ ಅವನ್ನ ಕಾಯಕೋತ ಕುಂತಿರ್ತಾನ’ ಅಂದೆ.