ಒಲೆ ಹೊತ್ತು ಹೊರಟ ಗಾಡಿಗಳು

ನವೆಂಬರ್ ಮಧ್ಯ ದಾಟಿತೆಂದರೆ ದಿಂಡಿಗಲ್‌ನಿಂದ ಕುಮಳಿಯವರೆಗಿನ ಹೆದ್ದಾರಿಯಲ್ಲಿ ಕೆಎ ನಂಬರಿನ ಗಾಡಿಗಳು ಕಾಣಿಸಿಕೊಳ್ಳುತ್ತವೆ. ಮುಂದಿನ ಗಾಜಿಗೆ ಚೆಂಡುಹೂವಿನ ಹಾರ, ಬಂಪರಿಗೆ ಕಟ್ಟಿದ ಬಾಳೆಕಂದು, ಮೇಲಿನ ಕ್ಯಾರಿಯರ್‌ನಲ್ಲಿ ಹಗ್ಗ ಬಿಗಿದ ನೀಲಿ ಟಾರ್ಪಾಲಿನ ಗಂಟು. ಒಳಗೆ ಕಪ್ಪು ಪಂಚೆಯ ಹದಿನೈದಿಪ್ಪತ್ತು ಜನ. ಶಬರಿಮಲೆ ಯಾತ್ರೆಯ ಬಗ್ಗೆ, ವ್ರತದ ಬಗ್ಗೆ, ಮಕರಜ್ಯೋತಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆ ನೀಲಿ ಗಂಟಿನ ಬಗ್ಗೆ ಬರೆದವರು ಕಡಿಮೆ. ನನಗೆ ಅದೇ ದೊಡ್ಡ ವಿದ್ಯೆಯಾಗಿ ಕಂಡಿದೆ.

ಕಾರಿನ ಹಿಂದೆ ಟ್ರೇಲರ್ ಮನೆ ಕಟ್ಟಿಕೊಂಡು ಪೆಸಿಫಿಕ್ ದಂಡೆಯುದ್ದಕ್ಕೂ ವಾರಗಟ್ಟಲೆ ಸಾಗುವ ಅಮೆರಿಕದ ಕುಟುಂಬಗಳ ವಿಡಿಯೊಗಳನ್ನು ನಾವೆಲ್ಲ ನೋಡಿದ್ದೇವೆ. ಹಾಸಿಗೆ, ಶವರ್, ಕಾಫಿ ಮೆಷಿನ್ ಎಲ್ಲವೂ ಅದರೊಳಗೇ. ಕೇರಳ ಸರ್ಕಾರವೂ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಮರುವರ್ಷ ವಾಗಮಣ್ ಬೆಟ್ಟದಲ್ಲಿ ಅಲ್ಲಿನ ಮೊದಲ ಕಾರವಾನ್ ಪಾರ್ಕ್ ತೆರೆಯಿತು. ವಾಗಮಣ್‌ಗೆ ಹೆಚ್ಚು ದೂರವಲ್ಲದ ಕುಟ್ಟಿಕ್ಕಾನಂ ಮೂಲಕವೇ ನಮ್ಮ ಸ್ವಾಮಿಗಳ ಗಾಡಿಗಳು ದಶಕಗಳಿಂದ ಹಾದುಹೋಗುತ್ತಿವೆ. ಹಾಸಿಗೆಯಿಲ್ಲ, ಶವರ್ ಇಲ್ಲ. ಆದರೂ ನಾಲ್ಕೈದು ದಿನ ಗಾಡಿಯೇ ಮನೆ, ರಸ್ತೆಯ ಪಕ್ಕವೇ ಅಡುಗೆಮನೆ.

ಹೇಗೆ ಸಾಧ್ಯ ಅಂದರೆ, ಅದಕ್ಕೆ ಬೇಕಾದ ತರಬೇತಿ ಮನೆಯಲ್ಲೇ ಆಗಿರುತ್ತದೆ. ಮಾಲೆ ಹಾಕಿದ ದಿನದಿಂದ ಎರಡು ಹೊತ್ತು ತಣ್ಣೀರ ಸ್ನಾನ, ಚಾಪೆಯ ಮೇಲೆ ನಿದ್ದೆ, ಕಾಲಿಗೆ ಚಪ್ಪಲಿಯಿಲ್ಲ, ಸಿಕ್ಕಲ್ಲಿ ತಿನ್ನುವಂತಿಲ್ಲ. ನಲವತ್ತೊಂದು ದಿನ ಹೀಗಿದ್ದವನಿಗೆ ಹೆದ್ದಾರಿ ಬದಿಯ ಮಾವಿನ ಮರದ ಕೆಳಗೆ ಯಾವುದೂ ಕೊರತೆ ಎನಿಸುವುದಿಲ್ಲ. ಅಮೆರಿಕದವರು ಮನೆಯ ಸೌಕರ್ಯವನ್ನೆಲ್ಲ ಗಾಡಿಗೆ ತುಂಬಿದರು. ನಮ್ಮವರು ಮನೆಯಲ್ಲೇ ಸೌಕರ್ಯ ಕಳಚಿಟ್ಟು ಗಾಡಿ ಹತ್ತಿದರು. (ಈಗ ಮೂರು ದಿನದ ಮಾಲೆಯ ಸ್ವಾಮಿಗಳೂ ಇದ್ದಾರೆ. ಗಾಡಿಯಲ್ಲಿ ಅವರನ್ನು ಗುರುತು ಹಿಡಿಯುವುದು ಸುಲಭ: ದಿಂಡಿಗಲ್ ಬರುವ ಮೊದಲೇ ಬೆನ್ನು ನೋವು ಎನ್ನುತ್ತಾರೆ.)

ಗಾಡಿ ತುಂಬುವುದೇ ಒಂದು ಶಾಸ್ತ್ರ. ಮೊದಲು ಬೇಕಾಗುವುದನ್ನು ಕೊನೆಯಲ್ಲಿ ಏರಿಸಬೇಕು. ಹಾಗಾಗಿ ಅಕ್ಕಿ ಮೂಟೆ, ಬೇಳೆ, ದೊಡ್ಡ ಕೊಳಗಗಳು ತಳಕ್ಕೆ. ಕಬ್ಬಿಣದ ಒಲೆ, ಸೌಟು, ಜಾಲರಿ, ಕಾಫಿ ಪಾತ್ರೆ ಮೇಲಕ್ಕೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ತಂಡಗಳಿಗೆ ಒಂದು ಲಾಭವಿದೆ, ಹೆಚ್ಚುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಹುರಿದ ರವೆ ಮನೆಯ ಹೆಂಗಸರು ಮಾಡಿ ಕೊಟ್ಟಿರುತ್ತಾರೆ. ಉತ್ತರ ಕರ್ನಾಟಕದ ಗಾಡಿಯಾದರೆ ಬಟ್ಟೆಯಲ್ಲಿ ಸುತ್ತಿದ ಕಟಕ್ ರೊಟ್ಟಿಯ ಅಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಇರುವುದರಿಂದ ಮೊದಲೆರಡು ದಿನ ಒಲೆಯ ಗೊಡವೆಯೇ ಇಲ್ಲ. ಮಂಡ್ಯ, ರಾಮನಗರದ ಕಡೆಯವರು ಮುದ್ದೆ ಕೋಲನ್ನೂ ಬಿಡದೆ ತರುತ್ತಾರೆ. ಮನೆಯಲ್ಲಿ ಕುಡಿದ ಲೋಟವನ್ನು ಎತ್ತಿಡದ ಗಂಡಸರು ಇಲ್ಲಿ ಇಪ್ಪತ್ತು ಜನರಿಗೆ ಮುದ್ದೆ ತೊಳಸಿ, ಕೊಳಗವನ್ನು ಬೂದಿ ಹಾಕಿ ಉಜ್ಜುತ್ತಾರೆ. ಈ ವಿದ್ಯೆ ಯಾತ್ರೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವರ ಮನೆಯವರನ್ನೇ ಕೇಳಬೇಕು.

ಗಾಡಿಗೊಬ್ಬ ಗುರುಸ್ವಾಮಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಏಳಬೇಕು, ಸಿಲಿಂಡರ್ ಯಾರ ಕೈಯಲ್ಲಿರಬೇಕು, ಎಲ್ಲ ಅವರ ಮಾತು. ಮೊದಲ ಸಲ ಹೊರಟವನು ಕನ್ನಿಸ್ವಾಮಿ. ಅವನಿಗೆ ಮರ್ಯಾದೆಯೂ ಹೆಚ್ಚು, ನೀರು ಹೊರುವ ಕೆಲಸವೂ ಹೆಚ್ಚು. ಹದಿನೆಂಟನೆಯ ವರ್ಷದವರಿದ್ದರೆ ಸೀಟಿನ ನಡುವೆ ಒಂದು ತೆಂಗಿನ ಸಸಿಯೂ ಪ್ರಯಾಣ ಮಾಡುತ್ತದೆ, ಬೆಟ್ಟದ ಮೇಲೆ ನೆಡುವುದಕ್ಕೆ. ಚಾಲಕನೂ ಸ್ವಾಮಿ, ಕ್ಲೀನರೂ ಸ್ವಾಮಿ. ಬ್ಯಾಂಕ್ ಮ್ಯಾನೇಜರ್ ಮತ್ತು ಆಟೊ ಓಡಿಸುವವರು ಒಬ್ಬರನ್ನೊಬ್ಬರು ಅದೇ ಹೆಸರಿನಿಂದ ಕರೆಯುತ್ತ ಸೌತೆಕಾಯಿ ಹೆಚ್ಚುವುದನ್ನು ಈ ರಸ್ತೆಯಲ್ಲಿ ನೋಡಬಹುದು. ಕನ್ನಡನಾಡಿನಲ್ಲಿ ಈ ಯಾತ್ರೆ ಇಷ್ಟು ಹಬ್ಬಿದ್ದಕ್ಕೆ ಸಿನಿಮಾದವರ ಪಾಲೂ ಇದೆ. ಡಾ. ರಾಜಕುಮಾರ್ ಮಾಲೆ ಹಾಕಿ ಬೆಟ್ಟ ಹತ್ತಿದವರು. ಹಿರಿಯ ನಟ ಶಿವರಾಂ ಚಿತ್ರರಂಗದ ಗುರುಸ್ವಾಮಿಯೆಂದೇ ಹೆಸರಾಗಿದ್ದರು. ಅವರು 2021ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಬೆಂಗಳೂರಿನಿಂದ ಹೊಸೂರು, ಸೇಲಂ, ಕರೂರು ಹಾದು ದಿಂಡಿಗಲ್‌ವರೆಗೆ ಅಗಲವಾದ ಹೆದ್ದಾರಿ. ಅಲ್ಲಿ ನಿಲ್ಲುವುದಕ್ಕೂ ಏನಿಲ್ಲ, ಹೇಳುವುದಕ್ಕೂ ಏನಿಲ್ಲ, ಸ್ವಾಮಿಗಳು ಮಲಗಿರುತ್ತಾರೆ. ದಿಂಡಿಗಲ್‌ನ ಬೋಳು ಬಂಡೆಗುಡ್ಡ, ಅದರ ನೆತ್ತಿಯ ಕೋಟೆ ಕಂಡಾಗ ಎಚ್ಚರ. ಕನ್ನಡ ಸೀಮೆಯ ಜನ ಇಲ್ಲಿ ಒಲೆ ಹೂಡಿದ್ದು ಇದೇ ಮೊದಲಲ್ಲ. 1755ರಲ್ಲಿ ಮೈಸೂರಿನ ಕಡೆಯಿಂದ ದಿಂಡಿಗಲ್‌ಗೆ ಫೌಜುದಾರನಾಗಿ ಬಂದವನು ಹೈದರ್ ಅಲಿ. ಅವನ ಏಳಿಗೆ ಶುರುವಾದದ್ದು ಇಲ್ಲೇ ಎನ್ನಬಹುದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಸೀಮೆಗಳಲ್ಲಿ ದಿಂಡಿಗಲ್ಲೂ ಒಂದು. ದಂಡಿನ ಬಿಡಾರಕ್ಕೂ ಸ್ವಾಮಿಗಳ ಬಿಡಾರಕ್ಕೂ ಬೇಕಾಗಿದ್ದು ಒಂದೇ: ನೆರಳು, ಸೌದೆ, ನೀರು. ಸೌದೆಯ ಜಾಗಕ್ಕೆ ಸಿಲಿಂಡರ್ ಬಂದಿದೆ, ಅಷ್ಟೇ.

ನಿಜವಾದ ನಿಧಾನ ಶುರುವಾಗುವುದು ದಿಂಡಿಗಲ್ ದಾಟಿ ಬಲಕ್ಕೆ ತಿರುಗಿದ ಮೇಲೆ. ವತ್ತಲಗುಂಡು, ದೇವದಾನಪಟ್ಟಿ, ಪೆರಿಯಕುಳಂ, ತೇನಿ. ಬಲಗಡೆ ಕೊಡೈಕೆನಾಲ್ ಬೆಟ್ಟಗಳು ಗೋಡೆಯಂತೆ ಜೊತೆಗೇ ಬರುತ್ತವೆ. ತೇನಿಯಿಂದ ತೆಂಕಣಕ್ಕೆ ತಿರುಗಿದರೆ ಕಂಬಂ ಕಣಿವೆ: ಎರಡೂ ಬದಿ ಬೆಟ್ಟ, ನಡುವೆ ಭತ್ತ, ಬಾಳೆ, ತೆಂಗು, ಚಪ್ಪರದ ಮೇಲೆ ದ್ರಾಕ್ಷಿ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ವರ್ಷವಿಡೀ ಕೊಯ್ಲು ಸಿಗುವ ದ್ರಾಕ್ಷಿ ಅದು. ರಸ್ತೆ ಬದಿ ಬುಟ್ಟಿಯಲ್ಲಿಟ್ಟು ಮಾರುವವರು ಕೆಎ ನಂಬರ್ ನೋಡಿದೊಡನೆ ‘ಬನ್ನಿ ಸಾಮಿ’ ಎನ್ನುತ್ತಾರೆ. ಕಪ್ಪು ಪಂಚೆ ಹಣ್ಣು ಬೇಡ ಎನ್ನುವುದಿಲ್ಲ ಎಂದು ಅವರಿಗೆ ಗೊತ್ತು.

ಇಷ್ಟು ಹಸಿರಿಗೆ ಕಾರಣ, ಇಲ್ಲಿ ಬಿಡಾರಗಳು ಬೀಳುವುದಕ್ಕೂ ಕಾರಣ, ಬೆಟ್ಟದಾಚೆಯ ನೀರು. ಘಟ್ಟದ ಮಳೆನೆರಳಿನಲ್ಲಿ ಒಣಗುತ್ತಿದ್ದ ಸೀಮೆಯಿದು. ಪಡುವಣ ಕಡಲಿಗೆ ಹೋಗುತ್ತಿದ್ದ ಪೆರಿಯಾರ್ ನದಿಗೆ ಬ್ರಿಟಿಷ್ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ 1887ರಿಂದ 1895ರವರೆಗೆ ಅಣೆಕಟ್ಟು ಕಟ್ಟಿ, ಬೆಟ್ಟ ಕೊರೆದು ಸುರಂಗ ಮಾಡಿ, ನೀರನ್ನು ಮೂಡಣಕ್ಕೆ ತಿರುಗಿಸಿದರು. ಆ ನೀರು ಲೋವರ್ ಕ್ಯಾಂಪ್‌ನ ವಿದ್ಯುದಾಗಾರದಲ್ಲಿ ಇಳಿದು, ಮುಲ್ಲೈ ಪೆರಿಯಾರ್ ಆಗಿ ಕಣಿವೆಯುದ್ದಕ್ಕೂ ಹರಿದು, ವೈಗೈ ಸೇರುತ್ತದೆ. ಗುರುಸ್ವಾಮಿಗಳು ಗಾಡಿ ನಿಲ್ಲಿಸುವ ಜಾಗಗಳನ್ನು ಗುರುತು ಹಾಕುತ್ತ ಹೋದರೆ ಈ ನೀರಿನ ನಕ್ಷೆಯೇ ಮೂಡುತ್ತದೆ.

ಅದರಲ್ಲಿ ತೇನಿಗೆ ಹತ್ತಿರದ ವೀರಪಾಂಡಿ ದೊಡ್ಡ ತಂಗುದಾಣ. ಗೌಮಾರಿಯಮ್ಮನ ಗುಡಿಯ ಊರು, ಊರಿನ ಪಕ್ಕವೇ ನದಿ, ನದಿಗೆ ತಡೆಗಟ್ಟೆ. ಕತ್ತಲಲ್ಲೇ ಗಾಡಿ ಬಂದು ನಿಲ್ಲುತ್ತದೆ. ಎಲ್ಲರಿಗಿಂತ ಮೊದಲು ಚಾಪೆ ಸಿಗುವುದು ಚಾಲಕನಿಗೆ. ಅವನ ನಿದ್ದೆ ಕೆಡಿಸುವ ಹಾಗೆ ಪಾತ್ರೆ ಸದ್ದು ಮಾಡಿದವನಿಗೆ ಗುರುಸ್ವಾಮಿಯಿಂದ ಬೈಗುಳ ಖಚಿತ. ಇಬ್ಬರು ಕ್ಯಾರಿಯರ್ ಹತ್ತಿ ಒಲೆ ಇಳಿಸುತ್ತಾರೆ. ಗಾಳಿ ಬರುವ ಕಡೆಗೆ ಟಾರ್ಪಾಲು ಕಟ್ಟಿ, ಸಿಲಿಂಡರನ್ನು ಒಲೆಯಿಂದ ಆದಷ್ಟು ದೂರಕ್ಕಿಟ್ಟು, ಟ್ಯೂಬಿಗೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ನೋಡುತ್ತಾರೆ. ಉಪ್ಪಿಟ್ಟಿಗೆ ಎಸರು ಕಾಯುವಷ್ಟರಲ್ಲಿ ಅರ್ಧ ಜನರ ಸ್ನಾನ ಮುಗಿದಿರುತ್ತದೆ. ಇನ್ನೊಂದು ಒಲೆಯಲ್ಲಿ ಮಧ್ಯಾಹ್ನದ ಬುತ್ತಿಗೆ ಅನ್ನ. ಬಸಿದ ಅನ್ನವನ್ನು ಕೊಳಗದಲ್ಲೇ ಬಿಟ್ಟರೆ ಮುದ್ದೆಯಾಗಿ ಹಳಸುತ್ತದೆ. ಅದಕ್ಕೇ ಒಗೆದ ಬಿಳಿ ಪಂಚೆಯೊಂದನ್ನು ಹಾಸಿ, ಅನ್ನವನ್ನು ತೆಳುವಾಗಿ ಹರವಿ, ಮೇಲೆ ಎಣ್ಣೆ ಅರಿಶಿನ ಚಿಮುಕಿಸಿ ಆರಲು ಬಿಡುತ್ತಾರೆ. ಹಬೆಯೆಲ್ಲ ಹೋದ ಮೇಲೆ ಗೊಜ್ಜು. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಕುಳಿತು ಅಗುಳು ಮುರಿಯದ ಹಾಗೆ ಅಂಗೈಯಡಿಯಿಂದ ಎತ್ತಿ ಎತ್ತಿ ಕಲಸುತ್ತಾರೆ. ಉಪ್ಪು ನೋಡುವ ಹಾಗಿಲ್ಲ, ಇನ್ನೂ ನೈವೇದ್ಯವಾಗಿಲ್ಲ. ವಾಸನೆಯಲ್ಲೇ ಉಪ್ಪು ಹೇಳುವ ಒಬ್ಬ ಸ್ವಾಮಿ ಪ್ರತಿ ತಂಡದಲ್ಲೂ ಇದ್ದಾನಂತೆ. ಅವನು ಹೇಳಿದ್ದು ಎಷ್ಟು ಸಲ ಸರಿಯಿತ್ತು ಎಂಬ ಲೆಕ್ಕ ಮಾತ್ರ ಯಾರೂ ಇಟ್ಟಂತಿಲ್ಲ. ಬಾನೆಟ್ ಮೇಲೆ ಅಯ್ಯಪ್ಪನ ಫೋಟೊ, ಕರ್ಪೂರ, ಶರಣು ಘೋಷ. ಆಮೇಲೆ ಪಂಕ್ತಿ. ಹಲವು ತಂಡಗಳಲ್ಲಿ ಬಡಿಸುವವರು ಗುರುಸ್ವಾಮಿಯೇ, ಕೊನೆಯಲ್ಲಿ ಉಣ್ಣುವವರೂ ಅವರೇ.

ಚಿನ್ನಮನೂರು, ಉತ್ತಮಪಾಳ್ಯಂ ದಾಟಿ ಕಂಬಂ ಬಂದರೆ ಕನ್ನಡದ ಕಿವಿಗೆ ಒಂದು ಅಚ್ಚರಿ ಕಾದಿದೆ. ಇಲ್ಲಿನ ಕಾಪ್ಪಿಲಿಯರ್ ಸಮುದಾಯದ ಮನೆಮಾತು ಹಳೆಯ ಕಾಲದ ಕನ್ನಡ. ದನಕರು ಹೊಡೆದುಕೊಂಡು ಕನ್ನಡ ಸೀಮೆಯಿಂದ ಬಂದವರು ತಾವು ಎಂಬುದು ಅವರ ಹಿರಿಯರು ಹೇಳಿಕೊಂಡು ಬಂದ ಕಥೆ. ಆ ವಲಸೆಯ ಗುರುತಾಗಿ ಕಂಬಂನಲ್ಲಿ ನಂದಗೋಪಾಲಸ್ವಾಮಿಯ ಹೆಸರಿನ ದನದ ದೊಡ್ಡಿಯೊಂದಿದೆ, ‘ತಂಬಿರಾನ್ ಮಾಟ್ಟು ತೊಳು’. ದೇವರ ದನಗಳ ಈ ಹಿಂಡಿಗೆ ಒಂದು ಪಟ್ಟದ ಹೋರಿ. ಹಳೆಯ ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ. ಬ್ರಿಟಿಷರ ಕಾಲದ ಮದುರೆ ಜಿಲ್ಲೆಯ ಗೆಜೆಟಿಯರ್‌ನಲ್ಲೂ ಈ ಹಿಂಡಿನ ಪ್ರಸ್ತಾಪವಿದೆ. ಮಾಟ್ಟು ಪೊಂಗಲ್ ದಿನ ಕಣಿವೆಯ ಜನವೆಲ್ಲ ಇಲ್ಲಿಗೇ ಬರುತ್ತಾರೆ. ನಮ್ಮ ಯಾತ್ರಿಕರ ಗಾಡಿಗಳು ಮಾತ್ರ ಊರ ಹೊರಗಿನ ರಸ್ತೆಯಲ್ಲಿ ಸುಯ್ಯೆಂದು ಹೋಗುತ್ತವೆ. ತೇನಿ ಜಿಲ್ಲೆಯಲ್ಲಿ ನಮ್ಮ ಮಾತಿಗೆ ಹತ್ತಿರದ ಮಾತು ಕೇಳುವ ಅವಕಾಶವನ್ನು ಬಾಳೆಕಾಯಿ ಚಿಪ್ಸ್ ಅಂಗಡಿಗೆ ಕೊಟ್ಟುಬಿಡುತ್ತೇವಲ್ಲ ಎಂದು ನನಗೆ ಸ್ವಲ್ಪ ಬೇಸರವಿದೆ. ಕಂಬಂಗೆ ಹತ್ತಿರದ ಸುರುಳಿ ಜಲಪಾತಕ್ಕೆ ಹೋಗಲು ಸಮಯ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ.

ಕಂಬಂನಿಂದ ಮೇಲೆ ದಾರಿ ಎರಡು. ಜನಸಂದಣಿಯ ದಿನಗಳಲ್ಲಿ ಹೋಗುವ ಗಾಡಿಗಳನ್ನು ಪೊಲೀಸರು ಕಂಬಂಮೆಟ್ಟು ಘಾಟಿಗೆ ತಿರುಗಿಸಿ ಕಟ್ಟಪ್ಪನ, ಕುಟ್ಟಿಕ್ಕಾನಂ ಮೂಲಕ ಕಳಿಸುತ್ತಾರೆ, ಬರುವವರಿಗೆ ಕುಮಳಿ. ಕಡಿದಾದ ತಿರುವುಗಳಲ್ಲಿ ಎದುರುಬದುರು ಸಿಕ್ಕಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು. ಆದರೂ ಕುಮಳಿ ಘಾಟಿ ಬಲಿ ತೆಗೆದುಕೊಂಡಿದೆ. 2022ರ ಡಿಸೆಂಬರ್‌ನಲ್ಲಿ ಶಬರಿಮಲೆಯಿಂದ ಮರಳುತ್ತಿದ್ದ ತೇನಿ ಜಿಲ್ಲೆಯದೇ ಕಾರೊಂದು ಕುಮಳಿಯ ಇಳಿಜಾರಿನಲ್ಲಿ ಉರುಳಿ ಎಂಟು ಜನ ಸತ್ತರು. ದರ್ಶನವಾಯಿತು ಎಂಬ ನಿರಾಳ, ನಿದ್ದೆಗೆಟ್ಟ ರಾತ್ರಿಗಳು, ಇಳಿಜಾರು. ಮೂರೂ ಕೂಡಿದರೆ ಅಪಾಯ. ಚಾಲಕನಿಗೆ ಮೊದಲ ಚಾಪೆ ಕೊಡುವ ಪದ್ಧತಿ ಮರಳುವಾಗಲೂ ಇರಬೇಕು ಎಂದು ಹಳೆಯ ಗುರುಸ್ವಾಮಿಗಳು ಹಟ ಹಿಡಿಯುವುದು ಸುಮ್ಮನಲ್ಲ.

ಸಿಲಿಂಡರಿನ ವಿಚಾರವೂ ಹಾಗೆಯೇ. 2023ರ ಆಗಸ್ಟ್‌ನಲ್ಲಿ ಮದುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ರೈಲು ಬೋಗಿಗೆ, ಒಳಗೆ ಒಯ್ದಿದ್ದ ಗ್ಯಾಸ್ ಸಿಲಿಂಡರಿನಿಂದಾಗಿ ಬೆಂಕಿ ಬಿದ್ದು ಒಂಬತ್ತು ಜನ ತೀರಿಕೊಂಡರು. ಅವರು ಉತ್ತರ ಪ್ರದೇಶದಿಂದ ಬಂದವರು, ಅದು ರೈಲು, ನಮ್ಮದು ವ್ಯಾನು ಎನ್ನುವಂತಿಲ್ಲ. ಒಲೆ ಹೊತ್ತ ಗಾಡಿಯ ಮೊದಲ ನಿಯಮ, ಗಾಡಿಯೊಳಗೆ ಒಲೆ ಹಚ್ಚಬಾರದು. ಮಳೆ ಬಂದರೆ ಅವಲಕ್ಕಿಗೆ ಮೊಸರು ಕಲಸಿ ತಿಂದು ಸುಮ್ಮನಿರಬೇಕು. ಈ ಮಾತು ಬರೆದಿಟ್ಟ ನಿಯಮವಲ್ಲವಾದ್ದರಿಂದ ಇದನ್ನು ಪಾಲಿಸುವವರೂ ಇದ್ದಾರೆ, ಪಾಲಿಸದವರೂ ಇದ್ದಾರೆ.

ಗಡಿಯ ಜಗಳವೂ ಒಮ್ಮೆ ಈ ದಾರಿ ಕಟ್ಟಿತ್ತು. 2011ರ ಡಿಸೆಂಬರ್‌ನಲ್ಲಿ ಪೆನ್ನಿಕ್ವಿಕ್ ಕಟ್ಟಿದ ಆ ಮುಲ್ಲಪೆರಿಯಾರ್ ಅಣೆಕಟ್ಟಿನ ವಿವಾದ ಭುಗಿಲೆದ್ದು ಕುಮಳಿಯಲ್ಲಿ ಸಂಚಾರ ನಿಂತಾಗ ಯಾತ್ರಿಕರು ದೂರದ ಸೆಂಗೋಟೆ ಬಳಸಿ ಹೋಗಬೇಕಾಯಿತು. ಯಾವ ನೀರಿನ ದಡದಲ್ಲಿ ಒಲೆ ಹೂಡುತ್ತಿದ್ದರೋ ಅದೇ ನೀರಿನ ಜಗಳ. 2018ರ ಮಹಾಪೂರದಲ್ಲಿ ಬೆಟ್ಟದ ಬುಡದ ಪಂಪೆಯ ದಡ ಕೊಚ್ಚಿಹೋದ ಮೇಲೆ ದೊಡ್ಡ ಗಾಡಿಗಳ ನೆಲೆ ನಿಲಕ್ಕಲ್‌ಗೆ ಸರಿಯಿತು. ಅಲ್ಲಿಂದ ಮುಂದೆ ಸರ್ಕಾರಿ ಬಸ್ಸು, ಆಮೇಲೆ ಕಾಲು. ಕೊಳಗ, ಸೌಟು, ಮುದ್ದೆ ಕೋಲು ಎಲ್ಲವೂ ಗಾಡಿಯಲ್ಲೇ ಉಳಿದು, ತಲೆಯ ಮೇಲೆ ಇರುಮುಡಿ ಗಂಟು ಮಾತ್ರ.

ಜ್ಯೋತಿ ನೋಡಿ ಇಳಿದವರು ಕಣಿವೆಗೆ ಬರುವ ಹೊತ್ತಿಗೆ ಜನವರಿ 15. ಅದು ಪೆನ್ನಿಕ್ವಿಕ್ ಹುಟ್ಟಿದ ದಿನ. ಲೋವರ್ ಕ್ಯಾಂಪ್‌ನಲ್ಲಿ 2013ರಲ್ಲಿ ತೆರೆದ ಅವರ ಸ್ಮಾರಕ ಮಂಟಪದ ಮುಂದೆ ಕಣಿವೆಯ ರೈತರು ಮಡಕೆಯಿಟ್ಟು ಪೊಂಗಲ್ ಉಕ್ಕಿಸುತ್ತಾರೆ. ನಿಲ್ಲಿಸಿದರೆ ಸ್ವಾಮಿಗಳಿಗೂ ಒಂದು ಎಲೆ ಸಿಗುತ್ತದೆ, ಆ ಹೊತ್ತಿನ ಅಡುಗೆಯೂ ಉಳಿಯುತ್ತದೆ. ಮುಂದಿನ ವಾದ ದಿಂಡಿಗಲ್‌ನಲ್ಲಿ. ಅಲ್ಲಿನ ಬಿರಿಯಾನಿಯ ಹೆಸರು ಎಲ್ಲರಿಗೂ ಗೊತ್ತು, ಪರಿಮಳ ಗಾಡಿಯ ಕಿಟಕಿಯವರೆಗೂ ಬರುತ್ತದೆ. ಮಾಲೆ ತೆಗೆಯಬೇಕಾದದ್ದು ಮನೆಯಲ್ಲಿ, ತಾಯಿಯ ಕೈಯಿಂದ ಎನ್ನುವವರು ಒಂದು ಕಡೆ. ದರ್ಶನವಾಯಿತಲ್ಲ, ಇನ್ನೇನು ಎನ್ನುವವರು ಇನ್ನೊಂದು ಕಡೆ. ಗುರುಸ್ವಾಮಿ ಗಟ್ಟಿಗರಾದರೆ ಗಾಡಿ ನಿಲ್ಲುವುದಿಲ್ಲ. ಕರೂರು ದಾಟಿ, ಮರದ ಕೆಳಗೆ ಮತ್ತೊಮ್ಮೆ ಒಲೆ ಇಳಿಸಿ, ಉಳಿದ ರವೆಯಲ್ಲಿ ಕೊನೆಯ ಉಪ್ಪಿಟ್ಟು ಮಾಡುತ್ತಾರೆ.